ನೀರ್ ಸಾಬ್ ಅವರನ್ನು ನೆನೆಯೋದು ಹೇಗೆ? ಗ್ರಾಮ ಸಭೆಯಲ್ಲಿ ಹೇಳೋಕೆ ನಿಮ್ಮ ನೆನಪು ಬೇಕು

ಮೊದಲ ಸಲದ ಮೆಂಬರ್

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿಗೆ ಮೊದಲ ಸಲ ಗೆದ್ದವಳು. ತರಬೇತಿಗೆ ಅಂತ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು: ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ. ಪಕ್ಕದಲ್ಲಿದ್ದ ಮೆಂಬರ್ ಒಬ್ಬರು "ಯಾರಿವರು, ಈ ಜಾಗ ದಾನ ಕೊಟ್ಟವರಾ?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿರೋ ಹಾಗೆ ಸುಮ್ನೆ ತಲೆ ಆಡಿಸಿದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅಯ್ಯೋ, ನೀರ್ ಸಾಬ್ ಕಣೇ! ನಮ್ಮೂರ ಬೋರು ಅವರ ಕಾಲದ್ದೇ" ಅಂದರು. ಬಸ್ ನಿಲ್ಲೋ ಜಾಗದಲ್ಲಿ ಒಂದು ಹಳೇ ಕೈಪಂಪು ಇದೆ. ಹಿಡಿ ಅಲ್ಲಾಡುತ್ತೆ, ನೀರು ಬರಲ್ಲ. ಯಾರೋ ಅದಕ್ಕೆ ಎಮ್ಮೆ ಕಟ್ಟುತ್ತಾರೆ. ಮದುವೆಯಾಗಿ ಬಂದಾಗಿಂದ ನಾನು ಅದನ್ನು ಎಮ್ಮೆ ಗೂಟ ಅಂತಲೇ ನೋಡಿದ್ದು.

ಮುಂದಿನ ಗ್ರಾಮ ಸಭೆ ಶುರುವಾಗೋ ಮುಂಚೆ ಹತ್ತು ನಿಮಿಷ ಇವರ ಬಗ್ಗೆ ಮಾತಾಡೋಣ ಅಂತ ಅಧ್ಯಕ್ಷರನ್ನು ಒಪ್ಪಿಸಿದ್ದೇನೆ. ಫೋಟೋಗೆ ಹಾರ ಹಾಕಿ "ಮಹಾನ್ ನಾಯಕರು" ಅಂದು ಕೂತರೆ ಆಯಿತಾ? ನಿಮಗೆ ಗೊತ್ತಿರೋದು ಹೇಳಿ. ಅವರನ್ನು ನೋಡಿದವರು, ಆ ಕಾಲದಲ್ಲಿ ಇದ್ದವರು ಯಾರಾದರೂ ಇದ್ದೀರಾ?

ಗುಂಡ್ಲುಪೇಟೆ ಕಡೆಯವನು

ತಂಗಿ, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ನಜೀರ್ ಸಾಬ್ ನಮ್ಮ ಗುಂಡ್ಲುಪೇಟೆಯವರು. ಆಗ ನಾವೆಲ್ಲ ಮೈಸೂರು ಜಿಲ್ಲೆ. ಚಾಮರಾಜನಗರ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಹೊರಗಿನವರಿಗೆ ಗುಂಡ್ಲುಪೇಟೆ ಅಂದರೆ ಬಂಡೀಪುರ, ಆನೆ, ಗೋಪಾಲಸ್ವಾಮಿ ಬೆಟ್ಟದ ಮಂಜು. ಬೆಟ್ಟ ಇಳಿದು ಈ ಕಡೆ ಬಂದು ನೋಡಿ. ಮುಂಗಾರು ಮೋಡ ಇದ್ದಬದ್ದ ನೀರನ್ನೆಲ್ಲ ವಯನಾಡು, ನೀಲಗಿರಿ ಮೇಲೆ ಸುರಿದು, ನಮ್ಮ ಹತ್ತಿರ ಬರೋ ಹೊತ್ತಿಗೆ ಹಗುರ ಆಗಿರುತ್ತೆ. ಇಂಥ ಊರಲ್ಲಿ ಬೆಳೆದವನಿಗೆ ಒಂದು ಕೊಡ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ನಜೀರ್ ಸಾಬರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಆ ವರ್ಷಗಳಲ್ಲಿ ಬರದ ಮೇಲೆ ಬರ. ಹಳ್ಳಿ ಹಳ್ಳಿಗೆ ಬೋರ್ ಲಾರಿ ಹೋಯಿತು. ಜನ ಅವರ ಹೆಸರನ್ನೇ ತಿದ್ದಿಬಿಟ್ಟರು ನೋಡಿ. ನಜೀರ್‌ನಿಂದ ಒಂದು "ಜ" ಕಿತ್ತರೆ ನೀರ್! ಯಾವ ಸರ್ಕಾರ ಕೊಟ್ಟ ಬಿರುದೂ ಅಲ್ಲ ಅದು. ಕೊಡ ಹಿಡಿದು ಸಾಲಲ್ಲಿ ನಿಂತ ಹೆಂಗಸರು ಕೊಟ್ಟಿದ್ದು ಅಂತಲೇ ನನ್ನ ಲೆಕ್ಕ.

ಒಂದು ಮಾತು. ನಮ್ಮ ಕಡೆ ಅವರ ಬಗ್ಗೆ ಕತೆಗಳು ಜಾಸ್ತಿ. ಬಾಯಿಂದ ಬಾಯಿಗೆ ಬಂದು ರೆಕ್ಕೆಪುಕ್ಕ ಸೇರಿವೆ. ಕೇಳೋಕೆ ಚೆನ್ನಾಗಿರುತ್ತವೆ, ಆದರೆ ಸಭೆಯಲ್ಲಿ ಹೇಳಬೇಡಿ. ಇರೋ ವಿಷಯವೇ ಬೇಕಾದಷ್ಟಿದೆ.

ನಿವೃತ್ತ ಮೇಷ್ಟ್ರು

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ದಕ್ಷಿಣದವರಿಗೆ ನಾರುಹುಣ್ಣು ಅಂದರೆ ಗೊತ್ತಿದೆಯೋ ಇಲ್ಲವೋ. ನನಗೂ ಅಲ್ಲಿ ಹೋಗೋವರೆಗೆ ಗೊತ್ತಿರಲಿಲ್ಲ.

ಊರಿಗೆ ಕುಡಿಯೋಕೆ ಇದ್ದಿದ್ದು ಒಂದು ಮೆಟ್ಟಿಲು ಬಾವಿ. ಇಳಿದು, ಪಾದ ಮುಳುಗೋವರೆಗೆ ನೀರಲ್ಲಿ ನಿಂತು ಕೊಡ ತುಂಬಬೇಕು. ಹುಣ್ಣಿದ್ದವರೂ ಅಲ್ಲೇ ಇಳಿಯುತ್ತಿದ್ದರು. ಹುಣ್ಣಿನಿಂದ ಹುಳದ ಮರಿ ನೀರಿಗೆ, ನೀರಿನ ಸಣ್ಣ ಹುಳುವಿನ ಹೊಟ್ಟೆಗೆ, ಅಲ್ಲಿಂದ ಕುಡಿದವರ ಹೊಟ್ಟೆಗೆ. ಸುಮಾರು ಒಂದು ವರ್ಷ ಏನೂ ತಿಳಿಯಲ್ಲ. ಆಮೇಲೆ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ತಲೆ ಹಾಕುತ್ತೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು. ಆತುರಪಟ್ಟು ಎಳೆದರೆ ಒಳಗೇ ತುಂಡಾಗಿ ಕಾಲು ಕೀವು ತುಂಬುತ್ತೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕಾಲಿಗೆ ಬೆಂಕಿಕಡ್ಡಿ ಕಟ್ಟಿಕೊಂಡೇ ಕೂರುತ್ತಿದ್ದ. ಹುಳ ಸುತ್ತಿದ ಕಡ್ಡಿ. ಪಾಠದ ಮಧ್ಯೆ ಬಗ್ಗಿ ನೋಡಿಕೊಳ್ಳೋನು.

ಆ ಊರಿಗೆ ಬೋರ್ ಬಿತ್ತು. ಕೈಪಂಪು ಕೂರಿಸಿದರು. ಒಂದೆರಡು ವರ್ಷದಲ್ಲಿ ಶಾಲೆಯಲ್ಲಿ ಕಡ್ಡಿ ಕಟ್ಟಿಕೊಂಡ ಕಾಲು ಕಡಿಮೆ ಆದವು. ಆಮೇಲೆ ಇಲ್ಲವೇ ಇಲ್ಲ. ಆರೋಗ್ಯ ಇಲಾಖೆಯ ನಾರುಹುಣ್ಣು ನಿರ್ಮೂಲನೆ ಕೆಲಸವೂ ಆಗಲೇ ನಡೆಯುತ್ತಿತ್ತು, ಅದನ್ನೂ ಹೇಳಬೇಕು. ದೇಶದಲ್ಲಿ ಕೊನೆಯ ರೋಗಿ ಕಂಡಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಘೋಷಣೆ ಆಯಿತು. ಆ ಸುದ್ದಿ ಪೇಪರಿನ ಒಂದು ಮೂಲೆಯಲ್ಲಿ ಬಂದಿತ್ತು. ನಾನು ಕತ್ತರಿಸಿ ಇಟ್ಟುಕೊಂಡಿದ್ದೆ, ಎಲ್ಲೋ ಕಳೆದುಹೋಯಿತು.

ಹಾರ ಹಾಕೋ ಮುಂಚೆ ಇದನ್ನು ಹೇಳಿ ಮೇಡಂ. ಮಕ್ಕಳಿಗಂತೂ ಹೇಳಲೇಬೇಕು.

ಪಾವಗಡದ ಬಿಸಿಲು

ಎಲ್ಲರೂ ಹೊಗಳೋ ಕಡೆ ಒಬ್ಬ ತಕರಾರು ತೆಗೆಯಬೇಕಲ್ವಾ, ನಾನೇ ತೆಗೀತೀನಿ.

ಬೋರ್ ಬಂದಿದ್ದರಿಂದ ನಾರುಹುಣ್ಣು ಹೋಯಿತು, ಒಪ್ಪಿದೆ. ನಮ್ಮ ಕಡೆ ಅದೇ ಬೋರಿನಿಂದ ಫ್ಲೋರೈಡ್ ಬಂತು. ನಮ್ಮಪ್ಪನ ಹಲ್ಲು ಕಂದು ಪಟ್ಟೆ. ದೊಡ್ಡಪ್ಪನ ಮೊಣಕಾಲು ಬಿಲ್ಲಿನ ಹಾಗೆ ಬಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ, ನಮ್ಮೂರ ನೀರು ಅದನ್ನು ದಾಟಿ ಎಷ್ಟೋ ವರ್ಷ ಆಯಿತು. ಈಗ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರ್ತೀವಿ. ಕೆರೆ ಬಿಟ್ಟು ಭೂಮಿ ಕೊರೆಯೋ ಚಟ ಶುರುವಾಗಿದ್ದು ಯಾವಾಗಿಂದ? ಅದನ್ನೂ ಯೋಚನೆ ಮಾಡಿ.

ಇನ್ನೊಂದು. ಹೆಗಡೆಯವರು ಬೆನ್ನಿಗಿದ್ದರು, ದುಡ್ಡು ಇತ್ತು, ಅಧಿಕಾರಿಗಳು ದುಡಿದರು, ಕೈಪಂಪಿನ ಹಿಂದೆ ಯೂನಿಸೆಫ್ ಇತ್ತು. ಎಲ್ಲ ಒಬ್ಬರ ಲೆಕ್ಕಕ್ಕೆ ಬರೆಯೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ.

ಬೋರ್ ಮೆಕ್ಯಾನಿಕ್

ಅಣ್ಣ, ನಿಮ್ಮ ಎರಡನೇ ಮಾತು ಸರಿ. ಮೊದಲನೇದರಲ್ಲಿ ಅರ್ಧ ಸರಿ. ನಾನು ಜಿಲ್ಲಾ ಪರಿಷತ್ತಿನ ರಿಪೇರಿ ಗಾಡಿಯಲ್ಲಿ ಹೆಲ್ಪರ್ ಆಗಿ ಸೇರಿ ಮೆಕ್ಯಾನಿಕ್ ಆದವನು, ಹೇಳ್ತೀನಿ ಕೇಳಿ.

ಆಗಿನ ಕೈಪಂಪಿಗೆ ಇಂಡಿಯಾ ಮಾರ್ಕ್ 2 ಅಂತ ಹೆಸರು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಪಂಪನ್ನು ನೋಡಿ ಸುಧಾರಿಸಿ ಮಾಡಿದ್ದು. ಅದು ಕೈಯಲ್ಲಿ ಒತ್ತೋ ಯಂತ್ರ. ನೂರೈವತ್ತು ಅಡಿ ಆಸುಪಾಸು ಆಳದಿಂದ ನೀರು ಎತ್ತುತ್ತೆ, ಅದಕ್ಕಿಂತ ತುಂಬಾ ಕೆಳಗೆ ಹೋದರೆ ತೋಳು ಬಿದ್ದುಹೋಗುತ್ತೆ. ಅಂದರೆ ಕೈಪಂಪಿಗೆ ತನ್ನದೇ ಲಗಾಮು ಇತ್ತು. ದಿನಕ್ಕೆ ಎಷ್ಟು ಕೊಡ ಒತ್ತುತ್ತೀರಿ? ಭೂಮಿ ಬರಿದು ಮಾಡಿದ್ದು ಕೈಪಂಪಲ್ಲ. ಆಮೇಲೆ ಬಂದ ಕರೆಂಟ್ ಮೋಟರು, ಸಾವಿರ ಅಡಿಯ ಬೋರು. ಎಷ್ಟೋ ಕಡೆ ಆಳ ಹೋದಷ್ಟೂ ಫ್ಲೋರೈಡ್ ಜಾಸ್ತಿ ಆಯಿತು. ಹಾಗಂತ ಕೈಪಂಪಿನಲ್ಲಿ ಫ್ಲೋರೈಡ್ ಬರಲೇ ಇಲ್ಲ ಅನ್ನಲ್ಲ. ಕಲ್ಲಿನ ಗುಣ ಹಾಗಿದ್ದ ಕಡೆ ಬಂದಿದೆ. ಆಗ ನಮಗೆ ನೀರು ಬಂತಾ ಇಲ್ವಾ ಅನ್ನೋದೇ ದೊಡ್ಡದು. ನೀರಲ್ಲಿ ಏನಿದೆ ಅಂತ ಕೇಳಿದವರು ಕಡಿಮೆ.

ಎಷ್ಟು ಜನಕ್ಕೆ ಒಂದು ಪಂಪು ಅನ್ನೋದಕ್ಕೆ ಲೆಕ್ಕ ಇತ್ತು. 250 ಜನಕ್ಕೆ ಒಂದು, ತಲೆಗೆ ದಿನಕ್ಕೆ 40 ಲೀಟರ್. ಕಾಗದದ ಮೇಲೆ ಸುಲಭ. ಹಾಕೋದು ಒಂದು ದಿನದ ಕೆಲಸ, ಜಾತ್ರೆ ಥರ ಊರೆಲ್ಲ ಸೇರುತ್ತೆ. ಕೆಟ್ಟಾಗ ಸರಿ ಮಾಡೋದು ಮೂವತ್ತು ವರ್ಷದ ಕೆಲಸ, ಆಗ ಯಾರೂ ಬರಲ್ಲ.

ಮೆಂಬರ್ ಅಮ್ಮ, ನಿಮ್ಮೂರ ಪಂಪಿನ ಹಿಡಿ ಆಡುತ್ತೆ, ನೀರು ಬರಲ್ಲ ಅಂದಿರಲ್ಲ. ಒತ್ತಿದಾಗ ಹಿಡಿ ಭಾರ ಇದೆಯಾ, ಹಗುರ ಇದೆಯಾ ನೋಡಿ. ಪೂರ್ತಿ ಹಗುರ ಅಂದರೆ ಒಳಗಿನ ರಾಡು ಕಳಚಿರಬಹುದು, ಚೈನು ತುಂಡಾಗಿರಬಹುದು. ಸ್ವಲ್ಪ ಭಾರ ಇದ್ದು ನೀರಿಲ್ಲ ಅಂದರೆ ವಾಷರ್ ಸವೆದಿದೆ. ಆಗ ಚರ್ಮದ ವಾಷರ್ ಇರುತ್ತಿತ್ತು. ಬಳಸದೆ ಬಿಟ್ಟರೆ ಒಣಗಿ ಚಪ್ಪಲಿ ಥರ ಆಗುತ್ತೆ. ಒಂದು ವೇಳೆ ನೀರೇ ಕೆಳಗೆ ಹೋಗಿದ್ದರೆ ಯಾರೂ ಏನೂ ಮಾಡೋಕಾಗಲ್ಲ. ಮೊದಲು ಮುಚ್ಚಳ ಬಿಚ್ಚಿ, ಹಗ್ಗಕ್ಕೆ ಸಣ್ಣ ಕಲ್ಲು ಕಟ್ಟಿ ಬಿಟ್ಟು ನೋಡಿಸಿ. ಹಗ್ಗ ಎಲ್ಲಿವರೆಗೆ ಒದ್ದೆ ಆಗುತ್ತೆ ಅನ್ನೋದೇ ಉತ್ತರ.

ಕಾಯ್ದೆ ಪುಸ್ತಕ

ಎಲ್ಲರೂ ನೀರಲ್ಲೇ ನಿಂತುಬಿಟ್ಟಿರಿ. ನಜೀರ್ ಸಾಬ್ ಮಾಡಿದ ದೊಡ್ಡ ಕೆಲಸ ಬೋರ್ ಅಲ್ಲ. ಬೋರನ್ನು ಬರಗಾಲದಲ್ಲಿ ಯಾವ ಮಂತ್ರಿಯಾದರೂ ಹಾಕಿಸಬಹುದು, ಹಾಕಿಸಿ ಓಟೂ ತಗೋಬಹುದು. ಅವರು ಮಾಡಿದ್ದು ಮಂತ್ರಿಗಳು ಮಾಡದ ಕೆಲಸ. ತಮ್ಮ ಕೈಲಿದ್ದ ಅಧಿಕಾರವನ್ನು ಬಿಟ್ಟುಕೊಟ್ಟರು.

ಅದಕ್ಕೆ ಮುಂಚೆ ಇದ್ದಿದ್ದು 1959ರ ಕಾಯ್ದೆ. ಹಳ್ಳಿಗೆ ಪಂಚಾಯಿತಿ, ತಾಲ್ಲೂಕಿಗೆ ಬೋರ್ಡು. ಜಿಲ್ಲೆ ಮಟ್ಟದಲ್ಲಿ ಇದ್ದ ಪರಿಷತ್ತು ಬರೀ ಸಲಹೆಗೆ. ದುಡ್ಡೂ ಇಲ್ಲ, ದರ್ಪವೂ ಇಲ್ಲ. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಕೇಂದ್ರಕ್ಕೆ ವರದಿ ಕೊಟ್ಟು, ಜಿಲ್ಲೆ ಮತ್ತು ಮಂಡಲ (ಹಲವು ಹಳ್ಳಿ ಸೇರಿದ ಗುಂಪು) ಅಂತ ಎರಡು ಹಂತ ಮಾಡಿ, ನಿಜವಾದ ಅಧಿಕಾರ ಕೊಡಿ ಅಂದಿತ್ತು. ಸಮಾಜವಾದಿ ನಾಯಕ ಲೋಹಿಯಾ ಅದಕ್ಕೂ ಮುಂಚೆಯೇ ರಾಜ್ಯ ನಾಲ್ಕು ಕಂಬದ ಮೇಲೆ ನಿಲ್ಲಬೇಕು ಅನ್ನುತ್ತಿದ್ದರು: ಹಳ್ಳಿ, ಜಿಲ್ಲೆ, ರಾಜ್ಯ, ಕೇಂದ್ರ. ಎಲ್ಲ ಮಾತಲ್ಲಿತ್ತು. ಇಲ್ಲಿ ಕಾಯ್ದೆಯಾಯಿತು.

1983ರ ಕಾಯ್ದೆ ಅದು. ರಾಷ್ಟ್ರಪತಿ ಅಂಕಿತ ಬೀಳೋಕೆ 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ. 19 ಜಿಲ್ಲಾ ಪರಿಷತ್, 2,500ಕ್ಕೂ ಹೆಚ್ಚು ಮಂಡಲ ಪಂಚಾಯಿತಿ. ಮಹಿಳೆಯರಿಗೆ 25% ಮೀಸಲು. ಮಂಡಲದ ಮುಖ್ಯಸ್ಥರಿಗೆ ಪ್ರಧಾನ ಅಂತ ಹೆಸರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ಸ್ಥಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಸೀನಿಯರ್ ಐಎಎಸ್. ಈ ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಸರ್ಕಾರಿ ಕಚೇರಿಯಲ್ಲಿ ಯಾರು ಯಾರಿಗೆ ಎದ್ದು ನಿಲ್ಲಬೇಕು ಅನ್ನೋದೇ ಅಧಿಕಾರ. ಬ್ರಿಟಿಷರ ಕಾಲದಿಂದ ಕಲೆಕ್ಟರೇ ಜಿಲ್ಲೆಯ ದೊರೆ. ಆ ಕುರ್ಚಿಯ ಎದುರು ಆಯ್ಕೆಯಾದ ಒಬ್ಬನ ಕುರ್ಚಿ ಹಾಕಿದರು.

ಎಂಎಲ್‌ಎಗಳಿಗೆ ತಾಲ್ಲೂಕು ಪಂಚಾಯತ್ ಸಮಿತಿಯ ಅಧ್ಯಕ್ಷತೆ ಕೊಟ್ಟರು. ಆ ಸಮಿತಿಗೆ ಕೆಲಸ ಕಡಿಮೆ. ಹೊಟ್ಟೆಯುರಿ ಇರದೇ ಇರುತ್ತಾ? ತಮ್ಮದೇ ಪಕ್ಷದವರೂ ಗೊಣಗಿದರು. ಅದನ್ನೆಲ್ಲ ತಳ್ಳಿಕೊಂಡು ಹೋದ ಮನುಷ್ಯ ಅವರು.

ಅಜ್ಜಿಯ ಮೊಮ್ಮಗ

ನಮ್ಮಜ್ಜಿ 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯೆ. ಈ ಚರ್ಚೆ ಓದಿ ಹೇಳಿದೆ. ಪಕ್ಕದಲ್ಲೇ ಕೂರಿಸಿಕೊಂಡು ಬರೆಸಿದ್ದಾರೆ. ಅವರ ಮಾತು ಹಾಗೇ ಹಾಕ್ತಿದ್ದೀನಿ.

"ನಾಲ್ಕರಲ್ಲಿ ಒಂದು ಸೀಟು ಹೆಂಗಸರಿಗೆ ಅಂತ ಬಂತು. ನಮ್ಮನೆಯವರು ನಿಲ್ಲೋಣ ಅಂತಿದ್ದರು, ಅವರ ಸೀಟೇ ಹೆಂಗಸರಿಗೆ ಹೋಯಿತು. ಅದಕ್ಕೇ ನನ್ನ ನಿಲ್ಲಿಸಿದರು. ನಾನೇನು ಆಸೆ ಪಟ್ಟು ನಿಂತವಳಲ್ಲ. ಮೊದಲನೇ ಸಭೆಗೆ ಹೋದೆ. ಗಂಡಸರಿಗೆ ಕುರ್ಚಿ, ನಮಗೆ ಜಮಖಾನ. ಎರಡನೇ ಸಭೆಗೂ ಜಮಖಾನ. ಮೂರನೇ ಸಭೆಗೆ ನಾನು, ಇನ್ನೊಬ್ಬಾಕಿ ಬೇಗ ಹೋಗಿ ಕುರ್ಚಿ ಮೇಲೆ ಕೂತುಬಿಟ್ಟೆವು. ಏಳಿ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ.

ಬೋರ್ ಎಲ್ಲಿ ಹಾಕಬೇಕು ಅಂತ ಜಗಳ. ನೀರು ನೋಡೋ ಸಾಹೇಬರು ಬಂದು ಎರಡು ಕಡೆ ಕಲ್ಲು ಇಟ್ಟು ಹೋಗಿದ್ದರು. ಒಂದು ಊರ ಮುಂದೆ, ಒಂದು ಕೇರಿಯಲ್ಲಿ. ಕೇರಿಯ ಕಲ್ಲು ರಾತ್ರಿ ಯಾರೋ ಎತ್ತಿ ಗೌಡರ ಕಣದ ಹತ್ತಿರ ಇಟ್ಟರು. ಬೆಳಗಾಗೆದ್ದು ನೋಡಿದರೆ ಕಲ್ಲಿಗೆ ಕಾಲು ಬಂದಿದೆ! ಕೇರಿಯಿಂದ ಗೆದ್ದಿದ್ದ ಸದಸ್ಯ ಸಭೆಯಲ್ಲಿ ಏನೂ ಕೂಗಾಡಲಿಲ್ಲ. ಹೋಗಿ ಕಲ್ಲು ಹೊತ್ತುಕೊಂಡು ಬಂದು ಪ್ರಧಾನರ ಮೇಜಿನ ಮೇಲೆ ಇಟ್ಟ. 'ಇದನ್ನು ಎಲ್ಲಿಡಬೇಕು ಅಂತ ಬುಕ್ಕಿನಲ್ಲಿ ಬರೆಯಿರಿ' ಅಂದ. ಬರೆದರು. ನಾನೂ ಸೈನ್ ಹಾಕಿದೆ. ನನ್ನ ಮೊದಲನೇ ಸೈನ್ ಅದೇ. ಅದಕ್ಕೂ ಮುಂಚೆ ಹೆಬ್ಬೆಟ್ಟು.

ಎರಡು ಬೇಸಿಗೆ ಆದ ಮೇಲೆ ಊರ ಮುಂದಿನ ಬೋರ್ ಬತ್ತಿತು. ಕೇರಿ ಬೋರ್ ಬತ್ತಲಿಲ್ಲ. ಮೊದಲು ಕತ್ತಲಲ್ಲಿ ಹೋಗಿ ತಂದರು. ಆಮೇಲೆ ಬೆಳಕಲ್ಲೂ ಹೋದರು. ಬಾಯಾರಿಕೆ ಮುಂದೆ ಏನು ನಡೆಯುತ್ತೆ. ಹಾಗಂತ ಎಲ್ಲ ಸರಿ ಹೋಯಿತು ಅಂದುಕೋಬೇಡಿ, ಮಳೆ ಬಂದ ಮೇಲೆ ಮತ್ತೆ ಮೊದಲಿನ ಹಾಗೇ."

ಅಜ್ಜಿ ನಜೀರ್ ಸಾಬರನ್ನು ನೋಡಿಲ್ಲ. ಅವರು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಕೇಳಿದ್ದು ನೆನಪಿದೆ ಅಂತಾರೆ.

ಮೊದಲ ಸಲದ ಮೆಂಬರ್

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಕುರ್ಚಿಯ ಮಾತು ಓದಿ ನಗು ಬಂತು, ಆಮೇಲೆ ನಗು ನಿಂತಿತು. ನನಗೆ ಕುರ್ಚಿ ಕೊಟ್ಟಿದ್ದಾರೆ. ಆದರೆ ಸಭೆ ಇದೆ ಅನ್ನೋ ಫೋನ್ ಇವತ್ತಿಗೂ ನಮ್ಮನೆಯವರಿಗೆ ಹೋಗುತ್ತೆ.

ಒಂದು ಕೇಳಬೇಕಿತ್ತು. ಮಂಡಲ ಪಂಚಾಯಿತಿ ಅಷ್ಟು ಚೆನ್ನಾಗಿತ್ತು ಅಂದರೆ ಯಾಕೆ ಹೋಯಿತು? ಅತ್ತೆ "ಬಂತು, ಹೋಯಿತು" ಅಂತಾರೆ ಅಷ್ಟೇ.

ಕಾಯ್ದೆ ಪುಸ್ತಕ

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಕ್ಯಾನ್ಸರ್. ಮಂಡಲಗಳು ಶುರುವಾಗಿ ಎರಡು ವರ್ಷವೂ ಆಗಿರಲಿಲ್ಲ. ಹೆಗಡೆಯವರು ಅದೇ ವರ್ಷ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು. 1989ರಲ್ಲಿ ಸರ್ಕಾರ ಬದಲಾಯಿತು. ಐದು ವರ್ಷದ ಅವಧಿ 1992ರ ಹೊತ್ತಿಗೆ ಮುಗಿಯಿತು. ಹೊಸ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. ಕಾಯ್ದೆ ಇತ್ತು, ಕಾಯೋರು ಇರಲಿಲ್ಲ.

ಅಷ್ಟರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲ್ 24ರಿಂದ ಜಾರಿ. ರಾಜ್ಯಗಳು ಪಂಚಾಯಿತಿ ಇಟ್ಟುಕೊಳ್ಳಲೇಬೇಕು, ಐದು ವರ್ಷಕ್ಕೊಮ್ಮೆ ಚುನಾವಣೆ ಮಾಡಲೇಬೇಕು, ಮೂರರಲ್ಲಿ ಒಂದು ಸ್ಥಾನ ಮಹಿಳೆಯರಿಗೆ. ಆ ತಿದ್ದುಪಡಿ ಬರೆಯುವಾಗ ಎದುರಿಗಿದ್ದ ಉದಾಹರಣೆಗಳಲ್ಲಿ ಕರ್ನಾಟಕದ್ದೂ ಒಂದು. ಅದಕ್ಕೆ ತಕ್ಕ ಹಾಗೆ ನಮ್ಮಲ್ಲಿ 1993ರ ಹೊಸ ಕಾಯ್ದೆ ಆಯಿತು. ಮಂಡಲ ಹೋಗಿ ಗ್ರಾಮ ಪಂಚಾಯಿತಿ, ಪರಿಷತ್ ಹೋಗಿ ಜಿಲ್ಲಾ ಪಂಚಾಯಿತಿ. ಮಹಿಳೆಯರ ಪಾಲು ನಮ್ಮ ರಾಜ್ಯದಲ್ಲಿ 2010ರಿಂದ ಅರ್ಧ. ನೀವು ಗೆದ್ದು ಬಂದ ದಾರಿ ಇದು ಮೇಡಂ.

ಒಂದು ಬೇಜಾರು ಹೇಳಿಬಿಡ್ತೀನಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿದ್ದು. 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮತ್ತೆ ಆಡಳಿತಾಧಿಕಾರಿಗಳೇ. ಕ್ಷೇತ್ರದ ಗಡಿ ಹೊಸದಾಗಿ ಹಾಕಬೇಕು, ಮೀಸಲಾತಿ ಪಟ್ಟಿ ಆಗಬೇಕು, ಕೋರ್ಟು ಅಂತ ಒಂದೊಂದು ಸಲ ಒಂದೊಂದು ನೆಪ. ಬೇರೆ ಬೇರೆ ಪಕ್ಷದ ಸರ್ಕಾರಗಳು ಬಂದು ಹೋದವು, ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಮ್ಮತ. ಅವರ ಹೆಸರಿನ ಸಂಸ್ಥೆ ಮೈಸೂರಲ್ಲಿ ಚೆನ್ನಾಗಿ ನಡೀತಿದೆ, ಅವರು ಕಟ್ಟಿದ ಜಿಲ್ಲೆಯ ಕಂಬದ ಮೇಲೆ ಯಾರೂ ಇಲ್ಲ.

ಪಾವಗಡದ ಬಿಸಿಲು

ಇದಕ್ಕೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ. ಮೆಕ್ಯಾನಿಕ್ ಅಣ್ಣನ ಲಗಾಮಿನ ಮಾತೂ ತಲೆಗೆ ಹೋಯಿತು. ಕೈಪಂಪಿನ ಮೇಲೆ ಹೊರಿಸಿದ ಆಪಾದನೆ ಅರ್ಧ ವಾಪಸ್. ಇನ್ನರ್ಧ ನನ್ನ ಹತ್ತಿರವೇ ಇರಲಿ.

ಆದರೆ ಮಂಡಲ ಅಂದರೆ ಸ್ವರ್ಗ ಅಂತ ಮಾಡಬೇಡಿ. ಆಗ ಮಂಡಲದ ಚುನಾವಣೆಗೂ ಪಕ್ಷದ ಚಿಹ್ನೆ ಇತ್ತು. ನಮ್ಮೂರಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರು ಆ ಎಲೆಕ್ಷನ್‌ನಲ್ಲಿ ಮಾತು ಬಿಟ್ಟವರು, ಅಣ್ಣನ ತಿಥಿಗೂ ತಮ್ಮ ಬರಲಿಲ್ಲ. ಪ್ರಧಾನರಾದವರೂ ಬಹಳ ಕಡೆ ಹಳೇ ಗೌಡ, ಶಾನುಭೋಗರ ಮನೆಯವರೇ.

ನಿವೃತ್ತ ಮೇಷ್ಟ್ರು

ಅದೂ ನಿಜ. ಆದರೂ ಒಂದು ಬದಲಾವಣೆ ನಾನು ಕಂಡೆ. ಮೊದಲು ಶಾಲೆಗೆ ಮೇಷ್ಟ್ರು ಬರದಿದ್ದರೆ ಕೇಳೋರಿಲ್ಲ. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬರೋರು, ಬರೋ ದಿನ ಮುಂಚೆಯೇ ಗೊತ್ತಾಗುತ್ತಿತ್ತು. ಮಂಡಲ ಬಂದ ಮೇಲೆ ಸದಸ್ಯರೇ ಶಾಲೆ ಬಾಗಿಲಲ್ಲಿ. ಹೊಲಕ್ಕೆ ಹೋಗುತ್ತಾ ಎತ್ತು ನಿಲ್ಲಿಸಿ, "ಮೇಷ್ಟ್ರೇ, ಇನ್ನೊಬ್ಬರು ಎಲ್ಲಿ?" ಅಂತ ಕೇಳೋರು. ನಮಗೆ ಕಿರಿಕಿರಿ. ಓದು ಬಾರದವನು ನನ್ನ ಹಾಜರಿ ಪುಸ್ತಕ ನೋಡೋದಾ ಅಂತ ಸಿಟ್ಟು ಬಂದಿತ್ತು. ಆಗ ನನಗೆ ಇಪ್ಪತ್ತೆಂಟು ವರ್ಷ. ಅವರ ಮಗ ನನ್ನ ತರಗತಿಯಲ್ಲೇ ಇದ್ದ ಅನ್ನೋದು ಹೊಳೆಯೋಕೆ ಸ್ವಲ್ಪ ದಿನ ಬೇಕಾಯಿತು.

ಗುಂಡ್ಲುಪೇಟೆ ಕಡೆಯವನು

ಇನ್ನೊಂದು ಮಾತು ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಮ್ಮ ಮಾವ ಊರ ಗುಡಿಯ ಪೂಜಾರಿ. ಅವರ ಬಾಯಲ್ಲೂ "ನೀರ್ ಸಾಬ್" ಅಂತಲೇ ಬರುತ್ತಿತ್ತು. ಸಾಬ್ ಅನ್ನೋ ಮಾತನ್ನು ಜನ ಹೇಗೆಲ್ಲ ಎಳೆದು ಆಡುತ್ತಾರೆ ಅಂತ ನಮಗೆಲ್ಲ ಗೊತ್ತು. ಅದೇ ಮಾತು ಅವರ ಹೆಸರಿನ ಜೊತೆ ಬಂದಾಗ ಮನೆಯ ಹಿರಿಯರನ್ನು ಕರೆದ ಹಾಗೆ ಕೇಳುತ್ತಿತ್ತು. ಸಭೆಯಲ್ಲಿ ಇದನ್ನು ವಿವರಿಸೋಕೆ ಹೋಗಬೇಡಿ ತಂಗಿ. ಸುಮ್ನೆ ಪೂರ್ತಿ ಹೆಸರು ಒಂದು ಸಲ ಹೇಳಿ, ಆಮೇಲೆ ನೀರ್ ಸಾಬ್ ಅಂತಲೇ ಅನ್ನಿ. ವಯಸ್ಸಾದವರು ತಾವೇ ಮಾತು ಶುರು ಮಾಡುತ್ತಾರೆ.

ಮೊದಲ ಸಲದ ಮೆಂಬರ್

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಗ್ರಾಮ ಸಭೆ ಮೊನ್ನೆ ಆಯಿತು.

ಮೊದಲು ಪಂಪಿನ ಸುದ್ದಿ. ಮೆಕ್ಯಾನಿಕ್ ಅಣ್ಣ ಹೇಳಿದ ಹಾಗೆ ಹಗ್ಗ ಬಿಟ್ಟು ನೋಡಿಸಿದೆ. ಎಂಬತ್ತು ಅಡಿ ಆದ ಮೇಲೆ ಹಗ್ಗ ಒದ್ದೆ! ನೀರು ಇದೆ. ಹೋದ ವರ್ಷ ಪಕ್ಕದ ಕೆರೆ ತುಂಬಿತ್ತು, ಅದರದ್ದೇ ಇರಬೇಕು. ಎಮ್ಮೆ ಬಿಚ್ಚಿಸಿದೆವು. ಎಮ್ಮೆಯ ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು. ತಾಲ್ಲೂಕಿನಿಂದ ಹಳೇ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಕರೆಸಿದೆವು. ಮೂರುಕಾಲಿನ ಗಳ ನಿಲ್ಲಿಸಿ, ಪೈಪ್ ಒಂದೊಂದೇ ಎತ್ತಿ ಬಿಚ್ಚೋಕೆ ಐದು ಜನ ಬೇಕಾದರು. ಒಳಗಿನ ವಾಷರ್ ನೀವು ಹೇಳಿದ ಹಾಗೇ, ಹಳೇ ಚಪ್ಪಲಿ. ಎರಡು ಪೈಪಿಗೆ ತೂತು ಬಿದ್ದಿತ್ತು, ಬದಲಾಯಿಸಿದರು.

ಸಭೆಯನ್ನು ಪಂಚಾಯಿತಿ ಕಟ್ಟಡದಲ್ಲಿ ಬೇಡ, ಅಲ್ಲೇ ಮಾಡೋಣ ಅಂದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೊದಲು ಮೈಕ್ ಇಲ್ಲ, ನೆರಳಿಲ್ಲ ಅಂದರು. ಶಾಮಿಯಾನ ಹಾಕಿದರು. ಯಾವಾಗಲೂ ಗ್ರಾಮ ಸಭೆಗೆ ಕೋರಂ ತುಂಬೋಕೆ ಮನೆಮನೆಗೆ ಹೋಗಿ ಸೈನ್ ತರಬೇಕು. ಈ ಸಲ ಬಸ್ ಇಳಿದವರೂ ನಿಂತರು.

ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ಮೂರು ನಿಮಿಷ ಮಾತಾಡಿದೆ. ನಾರುಹುಣ್ಣಿನ ಹುಡುಗನ ವಿಷಯ ಹೇಳಿದೆ, ಅಜ್ಜಿಯ ಕುರ್ಚಿ ಹೇಳಿದೆ, 1987 ಹೇಳಿದೆ. ನೀರ್ ಸಾಬ್ ಅಂದ ತಕ್ಷಣ ಹಿಂದಿನಿಂದ ಒಬ್ಬರು ಅಜ್ಜ ಎದ್ದು "ಆ ಬೋರ್ ಕೊರೆಯೋವಾಗ ನಾನೇ ಲಾರಿಯವರಿಗೆ ಮುದ್ದೆ ಹಾಕಿಸಿದ್ದು" ಅಂತ ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಯಾವ ಜಾಗದಲ್ಲಿ ಎಷ್ಟು ಅಡಿಗೆ ಕಲ್ಲು ಸಿಕ್ಕಿತು ಅನ್ನೋದೂ ನೆನಪಿದೆ ಅವರಿಗೆ.

ಆಮೇಲೆ ನಿಜವಾದ ಸಭೆ. ಟ್ಯಾಂಕ್ ತೊಳೆಸಿ ಎಷ್ಟು ದಿನ ಆಯಿತು ಅಂತ ಒಬ್ಬ ಹುಡುಗಿ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ. ಬುಕ್ಕಿನಲ್ಲಿ ಬರೆಸಿದೆ. ನೀರನ್ನು ಫ್ಲೋರೈಡ್ ಪರೀಕ್ಷೆಗೆ ಕಳಿಸೋದು ಅಂತಲೂ ಬರೆಸಿದೆ, ಪಾವಗಡದ ಅಣ್ಣನ ಲೆಕ್ಕಕ್ಕೆ. ಫಲಿತಾಂಶ ಬರೋವರೆಗೆ ಕುಡಿಯೋಕೆ ಬೇಡ, ದನಕ್ಕೆ, ಪಾತ್ರೆಗೆ ಬಳಸಿ ಅಂತ ಬೋರ್ಡ್ ಹಾಕಿದ್ದೇವೆ. ಇನ್ನು ಮುಂದೆ ಸಭೆಯ ಫೋನ್ ನನ್ನ ನಂಬರಿಗೇ ಬರಬೇಕು ಅಂತಲೂ ಹೇಳಿದೆ. ಅದನ್ನು ಬುಕ್ಕಿನಲ್ಲಿ ಬರೆಸಲಿಲ್ಲ, ಮೈಕಿನಲ್ಲಿ ಹೇಳಿದೆ.

ಕೊನೆಗೆ ಅತ್ತೆಯನ್ನು ಕರೆದು ಮೊದಲು ನೀವು ಒತ್ತಿ ಅಂದೆ. ಇಪ್ಪತ್ತು ಸಲ ಒತ್ತಿದರು, ಬರೀ ಗಾಳಿ. ಜನ ನಕ್ಕರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮತ್ತೆ ಒತ್ತಿದರು. ಪೈಪಿನೊಳಗೆ ಗೊಳಗೊಳ ಸದ್ದು ಬಂತು, ಮೊದಲು ಕೆಂಪು ತುಕ್ಕು ನೀರು, ಆಮೇಲೆ ತಿಳಿ.

ಬೋರ್ ಮೆಕ್ಯಾನಿಕ್

ಅಮ್ಮ, ಇಪ್ಪತ್ತಕ್ಕಿಂತ ಜಾಸ್ತಿ ಹೊಡೆತ ಬೇಕಾಯಿತು ಅಂದರೆ ಮೊದಲ ದಿನ ಪರವಾಗಿಲ್ಲ, ಪೈಪ್ ಖಾಲಿ ಇರುತ್ತೆ. ನಾಳೆ ಬೆಳಿಗ್ಗೆ ಮತ್ತೆ ಒತ್ತಿ ನೋಡಿ. ಆಗಲೂ ಅಷ್ಟೇ ಒತ್ತಬೇಕಾದರೆ ಕೆಳಗಿನ ವಾಲ್ವ್ ಸೋರುತ್ತಿದೆ ಅಂತ. ಮೂರ್ನಾಲ್ಕು ಹೊಡೆತಕ್ಕೆ ಬಂದರೆ ಚೆನ್ನಾಗಿದೆ. ಚೈನಿಗೆ ಗ್ರೀಸ್ ಹಾಕಿಸಿದಿರಾ?

ಮೊದಲ ಸಲದ ಮೆಂಬರ್

ಹಾಕಿಸಿದೆ ಅಣ್ಣ. ಇವತ್ತು ಬೆಳಿಗ್ಗೆ ಒತ್ತಿದೆ, ಐದಕ್ಕೆ ಬಂತು.

ಬೋರ್ ಮೆಕ್ಯಾನಿಕ್

ಐದು ನಡೆಯುತ್ತೆ. ಒಂದು ಜೊತೆ ವಾಷರ್ ತಂದು ಪಂಚಾಯಿತಿ ಬೀರುವಿನಲ್ಲಿ ಇಟ್ಟಿರಿ.